ಮೂರು ಮೀಟರಿನ ಮುತ್ತಿಗೆ

ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಕೋಟೆ ಕಣ್ಣೆದುರೇ ಇತ್ತು. ಒಂದರೊಳಗೊಂದು ಎರಡು ಸುತ್ತಿನ ಗೋಡೆ, ಐವತ್ತೆರಡು ಬುರುಜು. ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ಅವು ಯಾವುವೂ ಅಲ್ಲ, ವಾಹನ ನಿಲ್ಲಿಸುವ ಜಾಗದ ಬಾಯಿಗೆ ಕಟ್ಟಿದ್ದ ಒಂದು ಕಬ್ಬಿಣದ ಅಡ್ಡಪಟ್ಟಿ. ನೆಲದಿಂದ ಅದರ ಎತ್ತರ ಎರಡು ಮೀಟರ್. ನಾವು ಕುಳಿತಿದ್ದ, ಒಳಗೇ ಹಾಸಿಗೆ ಒಲೆಗಳಿರುವ ಮೋಟರ್‌ಹೋಮಿನ ಎತ್ತರ 3.05 ಮೀಟರ್. ಮರೆತು ಎಲ್ಲಿಯಾದರೂ ನುಗ್ಗಿಸಿಯಾರೆಂದು ಬಾಡಿಗೆಗೆ ಕೊಟ್ಟವರು ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕದಲ್ಲೇ ಅಂಟಿಸಿದ್ದರು. ನನ್ನ ರಕ್ತದೊತ್ತಡದ ಅಂಕಿ ನನಗೆ ನೆನಪಿರುವುದಿಲ್ಲ, ಇದು ಮಾತ್ರ ಈಗಲೂ ಬಾಯಿಪಾಠ.

"ಹಿಂದೆ ತೆಗೆಯುತ್ತೇನೆ, ಭಾವ. ಸ್ವಲ್ಪ ಇಳಿದು ನೋಡುತ್ತೀರಾ?" ಎಂದ ನನ್ನ ಭಾವಮೈದುನ. ಹಿಂದೆ ಐದಾರು ಕಾರುಗಳು ಸಾಲಾಗಿ ನಿಂತಿದ್ದವು. ಇಳಿದು ಅವರಿಗೆಲ್ಲ ಕೈಮುಗಿಯುವ ಕೆಲಸ ನನ್ನದಾಯಿತು.

ಈ ಗಾಡಿ ಅವನ ಹಂಬಲ. ತುಲೂಸಿನಲ್ಲಿ ಕೆಲಸ ಮಾಡುವ ಅವನ ಮನೆಗೆ ಅಕ್ಕ ಭಾವ ಬಂದಿದ್ದೇವೆ, ಹಳೆಯ ಊರುಗಳನ್ನು ತೋರಿಸಬೇಕು, ಅಲ್ಲಲ್ಲಿಯ ಊಟ ಮಾಡಿಸಬೇಕು. ತುಲೂಸಿನಿಂದ ಕಾರ್ಕಸೋನ್ ತೊಂಬತ್ತು ಚಿಲ್ಲರೆ ಕಿಲೋಮೀಟರ್. ರೈಲು ಹತ್ತಿದರೆ ಗಂಟೆಯೊಳಗಿನ ದಾರಿ. ಆದರೆ ರೈಲಿನಲ್ಲಿ ಸ್ವಾತಂತ್ರ್ಯವಿಲ್ಲವಂತೆ. "ಹೋಟೆಲಿನ ಹಂಗಿಲ್ಲ, ಮನಸ್ಸು ಬಂದಲ್ಲಿ ನಿಲ್ಲಿಸಬಹುದು" ಎಂದು ಹೇಳುತ್ತಲೇ ಅವನು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ಅವನ ಹೆಂಡತಿ ಕಚೇರಿಯಲ್ಲಿ ರಜೆ ಸಿಗಲಿಲ್ಲವೆಂದು ಮನೆಯಲ್ಲೇ ಉಳಿದಿದ್ದಳು. ಆ ಕುಟುಂಬದಲ್ಲಿ ಬುದ್ಧಿ ಯಾರಿಗಿದೆ ಎಂಬುದು ನನಗೆ ಆಗಲೇ ತಿಳಿಯಬೇಕಿತ್ತು.

ಆ ದೇಶದ ಕಾನೂನನ್ನೂ ಅವನೇ ವಿವರಿಸಿದ. ಸ್ಥಳೀಯ ನಿಷೇಧವಿಲ್ಲದ ಕಡೆ ಕಾರಿನ ಹಾಗೆಯೇ ಇದನ್ನೂ ರಸ್ತೆ ಬದಿಯಲ್ಲಿ ನಿಲ್ಲಿಸಬಹುದು, ಒಳಗೆ ಮಲಗಲೂಬಹುದು. ಆದರೆ ಹೊರಗೆ ಕುರ್ಚಿ ಹಾಕಿದರೆ, ಮಗ್ಗುಲಿನ ನೆರಳುಬಟ್ಟೆ ಬಿಚ್ಚಿದರೆ ಅದು ಬಿಡಾರ ಹೂಡಿದಂತೆ. ಅದಕ್ಕೆ ಅನುಮತಿ ಬೇಕು. ಎಂದರೆ ನಾನು ಒಳಗೆ ಮುದುಡಿ ಕುಳಿತು ಕಾಫಿ ಕುಡಿದರೆ ನಿಲುಗಡೆ, ಅದೇ ಲೋಟ ಹಿಡಿದು ಮರದ ಕೆಳಗೆ ಕುರ್ಚಿ ಎಳೆದುಕೊಂಡರೆ ಅಪರಾಧ. ಈ ಸ್ವಾತಂತ್ರ್ಯದಲ್ಲಿ ಅರ್ಧ ದಿನ ನೀರಿನ ಲೆಕ್ಕಕ್ಕೇ ಹೋಗುತ್ತದೆ. ಒಳ್ಳೆಯ ನೀರು ತುಂಬಿಸಬೇಕು, ಪಾತ್ರೆ ತೊಳೆದ ನೀರು ಬಸಿಯಬೇಕು. ಮೂರನೆಯದಕ್ಕೆ ಚಕ್ರವಿರುವ ಒಂದು ಪೆಟ್ಟಿಗೆಯಿದೆ. ಬೆಳಿಗ್ಗೆ ಎದ್ದು ಅದನ್ನು ಗಡಗಡ ಎಳೆದುಕೊಂಡು, ಎದುರಿಗೆ ಬಂದವರಿಗೆಲ್ಲ "ಬೊಂಜೂರ್" ಎನ್ನುತ್ತಾ, ಖಾಲಿ ಮಾಡುವ ಗುಂಡಿಯವರೆಗೆ ನಡೆಯಬೇಕು. ಹೆಚ್ಚಿಗೆ ಬರೆಯುವುದಿಲ್ಲ, ಊಟದ ವಿಷಯ ಮುಂದಿದೆ.

ಕೊನೆಗೆ ಮೋಟರ್‌ಹೋಮುಗಳಿಗೆಂದೇ ಮೀಸಲಾದ ಜಾಗದಲ್ಲಿ ಗಾಡಿ ಬಿಟ್ಟು ಕೋಟೆಗೆ ನಡೆದುಕೊಂಡು ಹೋದೆವು. ನಾರ್ಬೋನ್ ಬಾಗಿಲಿನ ಮುಂದೆ ಕಾರ್ಕಸ್ ಎಂಬ ರಾಣಿಯ ಕಲ್ಲಿನ ಮುಖವಿದೆ. ಫ್ರಾಂಕರ ದೊರೆ ಶಾರ್ಲಮೇನ್ ಐದು ವರ್ಷ ಮುತ್ತಿಗೆ ಹಾಕಿದನಂತೆ. ಒಳಗೆ ಉಳಿದದ್ದು ಒಂದು ಹಂದಿ, ಒಂದು ಮೂಟೆ ಗೋಧಿ. ರಾಣಿ ಆ ಗೋಧಿಯನ್ನೆಲ್ಲ ಹಂದಿಗೆ ತಿನ್ನಿಸಿ ಅದನ್ನು ಗೋಡೆಯಾಚೆ ಎಸೆಸಿದಳು. ಬಿದ್ದು ಒಡೆದ ಹಂದಿಯ ಹೊಟ್ಟೆಯಲ್ಲಿ ಗೋಧಿ ಕಂಡ ಶಾರ್ಲಮೇನ್, ಹಂದಿಗೇ ಇಷ್ಟು ತಿನ್ನಿಸುವವರು ಇನ್ನೂ ಹತ್ತು ವರ್ಷ ಹಸಿಯುವುದಿಲ್ಲವೆಂದು ಗಂಟುಮೂಟೆ ಕಟ್ಟಿದ. ಇತಿಹಾಸದಲ್ಲಿ ಇಂಥ ಮುತ್ತಿಗೆ ನಡೆದೇ ಇಲ್ಲ. ಆ ಸೀಮೆ ಅವನಪ್ಪ ಪೆಪಿನ್ನನ ಕಾಲಕ್ಕೇ ಫ್ರಾಂಕರ ವಶವಾಗಿತ್ತು. ಇರಲಿ, ಕಥೆ ಚೆನ್ನಾಗಿದೆ. ಬುರುಜುಗಳ ಮೊನಚು ಟೊಪ್ಪಿಗೆಗಳೂ ಹಾಗೆಯೇ. 19ನೆಯ ಶತಮಾನದಲ್ಲಿ ಕೆಡವಲು ಹೊರಟಿದ್ದ ಕೋಟೆಯನ್ನು ಉಳಿಸಿಕೊಂಡ ಮೇಲೆ, 1853ರಿಂದ ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದ ವಾಸ್ತುಶಿಲ್ಪಿ ವಿಯೋಲೆ-ಲ-ದ್ಯುಕ್ ಕಪ್ಪುಕಲ್ಲಿನ ಚೂಪು ಚಾವಣಿ ಹೊದಿಸಿದ. ದಕ್ಷಿಣದ ಊರಿಗೆ ಉತ್ತರದ ಟೊಪ್ಪಿಗೆ ತೊಡಿಸಿದನೆಂದು ಪಂಡಿತರು ಬೈಯುತ್ತಾರೆ. ನಾನು ವಿಯೋಲೆ-ಲ-ದ್ಯುಕ್‌ನ ಕಡೆ. ಟೊಪ್ಪಿಗೆಯಿಲ್ಲದಿದ್ದರೆ ಅಷ್ಟು ದೂರದಿಂದ ಯಾರು ನೋಡಲು ಬರುತ್ತಿದ್ದರು? ನನ್ನ ತಕರಾರಿರುವುದು ಒಳಗಿನ ಬೀದಿಗಳಲ್ಲಿ ಮಾರುವ ಮರದ ಕತ್ತಿ, ಪ್ಲಾಸ್ಟಿಕ್ ಗುರಾಣಿಗಳ ಬಗ್ಗೆ, ಮತ್ತು ಎರಡು ಗಂಟೆಗೆ ಒಲೆ ಆರಿಸುವ ಅಡುಗೆಮನೆಗಳ ಬಗ್ಗೆ. ಎರಡರ ಮೇಲೆ ಹಸಿವಾಗುವುದು ಅಲ್ಲಿ ಸಭ್ಯತೆಯಲ್ಲ. ನಾವು ಒಂದು ಹೋಟೆಲಿನ ಮುಂದೆ ನಿಂತು ಫಲಕ ಓದುತ್ತಿದ್ದಾಗಲೇ ಒಳಗಿನವನು ಬಂದು, ನಗುತ್ತಲೇ ಆ ಫಲಕವನ್ನು ಎತ್ತಿಕೊಂಡು ಹೋದ.

ಫಲಕಗಳಲ್ಲೆಲ್ಲ ಮೊದಲ ಸಾಲು ಒಂದೇ: ಕಸ್ಸುಲೆ. ಬಿಳಿ ಕಾಳು, ತನ್ನದೇ ಕೊಬ್ಬಿನಲ್ಲಿ ಬೇಯಿಸಿಟ್ಟ ಬಾತುಕೋಳಿ, ಹಂದಿಯ ಸಾಸೇಜು, ಹಂದಿಯ ಚರ್ಮ ಸೇರಿ ಮಣ್ಣಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಯುವ ಪದಾರ್ಥ. ಸಸ್ಯಾಹಾರಿಗಳಾದ ನಮಗೆ ಅದರಲ್ಲಿ ದಕ್ಕುವುದು ಕಾಳು ಮಾತ್ರ, ಅದನ್ನೂ ಆರಿಸಿ ತೊಳೆಯಬೇಕು. ನನ್ನ ಹೆಂಡತಿ ಅದನ್ನೇ ಹಿಡಿದಳು. ವಾಪಸು ಬರುವ ದಾರಿಯ ಕಾಸ್ತೆಲ್ನೋದಾರಿಯಲ್ಲಿ ಲಿಂಗೋ ಎಂಬ ಆ ಕಾಳನ್ನು ಕೊಂಡಳು. ರಾಜ್ಮಾದ ಜಾತಿಯದೇ, ಆದರೆ ಬಿಳಿ, ಉದ್ದ, ಉಗುರು ಊರಿದರೆ ಸಿಪ್ಪೆ ಜಾರುವಷ್ಟು ತೆಳು. ಬೆಳಿಗ್ಗೆ ನೆನೆಹಾಕಿ, ಸಂಜೆ ಊರಿನಿಂದ ತಂದಿದ್ದ ಕುಕ್ಕರಿನಲ್ಲಿ ಇಟ್ಟಳು.

ಫ್ರಾನ್ಸಿನವರಿಗೆ ಕುಕ್ಕರ್ ಹೊಸದಲ್ಲ, 1953ರಿಂದ ಅಲ್ಲಿ ಮನೆಮನೆಗೂ ಹೊಕ್ಕಿದೆ. ಆದರೆ ಅವರದು ಸುಸ್ಸೆಂದು ಉಸಿರು ಬಿಡುವ ಜಾತಿ. ನಮ್ಮದು ಕೂಗುವ ಜಾತಿ. ಮೊದಲ ಕೂಗಿಗೆ ಪಕ್ಕದ ಗಾಡಿಯ ಕಿಟಕಿ ತೆರೆಯಿತು. ಎರಡನೆಯದಕ್ಕೆ ನಾಯಿ ಬೊಗಳಿತು. ಮೂರನೆಯದಕ್ಕೆ ಬನಿಯನ್ ತೊಟ್ಟ ಮುದುಕರೊಬ್ಬರು ಬಂದು ಬಾಗಿಲು ತಟ್ಟಿದರು. ಗ್ಯಾಸ್ ಸೋರುತ್ತಿದೆಯೇ ಎಂಬ ಗಾಬರಿ. ನನ್ನ ಹೆಂಡತಿ ಆವಿ ಇಳಿಸಿ ಮುಚ್ಚಳ ತೆಗೆದು ತೋರಿಸಿದಳು. ಬಗ್ಗಿ ನೋಡಿದರು, ಮೂಸಿದರು. ಭಾವಮೈದುನ ಅನುವಾದಿಸಿದ ಪ್ರಕಾರ ಅವರು ಕೇಳಿದ್ದು ಒಂದೇ ಪ್ರಶ್ನೆ: ಬಾತು ಎಲ್ಲಿ?

ಆಮೇಲೆ ಅವರು ಹೋಗಲೇ ಇಲ್ಲ. ಅವರು ಆ ಸೀಮೆಯವರೇ, ಕಾಳಿನ ವಿಷಯದಲ್ಲಿ ಮಡಿವಂತರು. ಕಸ್ಸುಲೆಯ ಮೇಲೆ ಕಟ್ಟುವ ಕೆಂಪು ಪದರವನ್ನು ಏಳು ಸಲ ಮುರಿದು ಒಳಗೆ ತಳ್ಳಬೇಕಂತೆ. ಆರು ಸಲ ಮುರಿದರೆ ಅದು ಬರೀ ಕಾಳಿನ ಸಾರು. ಪಾತ್ರೆ ಪಕ್ಕದ ಈಸೆಲ್ ಹಳ್ಳಿಯ ಕುಂಬಾರರದ್ದೇ ಆಗಬೇಕು. ಮೂರು ಊರುಗಳು ಈ ಅಡುಗೆ ತಮ್ಮದೆಂದು ಜಗಳವಾಡುತ್ತವೆ. ಕಾರ್ಕಸೋನಿನಲ್ಲಿ ಹುಟ್ಟಿದ ಬಾಣಸಿಗ ಪ್ರಾಸ್ಪೆರ್ ಮೊಂತಾನ್ಯೆ ರಾಜಿ ಮಾಡಿಸಲು ಹೋಗಿ, ಕಾಸ್ತೆಲ್ನೋದಾರಿಯದು ಪಿತ, ಕಾರ್ಕಸೋನಿನದು ಸುತ, ತುಲೂಸಿನದು ಪವಿತ್ರಾತ್ಮ ಎಂದುಬಿಟ್ಟ. ಜಗಳ ನಿಂತಿಲ್ಲ. ಕಾಸ್ತೆಲ್ನೋದಾರಿಯಲ್ಲಿ 1970ರಲ್ಲಿ ಇದಕ್ಕೊಂದು ಸಂಘವೇ ಹುಟ್ಟಿತು. ಸದಸ್ಯರು ನಿಲುವಂಗಿ ತೊಟ್ಟು, ತಲೆಗೆ ಆ ಮಣ್ಣಿನ ಪಾತ್ರೆಯ ಆಕಾರದ ಟೋಪಿ ಇಟ್ಟುಕೊಂಡು ಮೆರವಣಿಗೆ ಹೊರಡುತ್ತಾರೆ. ಅವರೇಕಾಯಿ ಕಾಲದಲ್ಲಿ ಬೆಂಗಳೂರಿನವರು ಅವರೆಬೇಳೆಯ ಜಿಲೇಬಿಯವರೆಗೂ ಹೋಗುವುದನ್ನು ಕಂಡ ನನಗೆ ಇದು ಅತಿಯೆನಿಸಲಿಲ್ಲ. ಆದರೆ ಟೋಪಿಯ ಯೋಚನೆ ನಮಗೆ ಹೊಳೆದಿಲ್ಲ.

ಇಲ್ಲಿಯೂ ಒಂದು ಮುತ್ತಿಗೆಯ ಕಥೆ. 1355ರಲ್ಲಿ ಇಂಗ್ಲಿಷರು ಕಾಸ್ತೆಲ್ನೋದಾರಿಯನ್ನು ಸುತ್ತುವರಿದಾಗ ಜನ ಮನೆಯಲ್ಲಿ ಉಳಿದ ಕಾಳು, ಮಾಂಸವನ್ನೆಲ್ಲ ಒಂದೇ ಹಂಡೆಗೆ ಹಾಕಿ ಬೇಯಿಸಿ, ಹೊಟ್ಟೆತುಂಬ ತಿಂದು, ಆ ಬಲದಿಂದ ವೈರಿಗಳನ್ನು ಸಮುದ್ರದವರೆಗೆ ಓಡಿಸಿದರಂತೆ. ನಿಜದಲ್ಲಿ ಆ ವರ್ಷ ಇಂಗ್ಲಿಷ್ ರಾಜಕುಮಾರ ಎಡ್ವರ್ಡ್ ಊರಿಗೆ ಬೆಂಕಿ ಹಚ್ಚಿ ಹೋದ. ಅದಕ್ಕಿಂತ ದೊಡ್ಡ ತೊಡಕು ಕಾಳಿನದು. ಅದು ಅಮೆರಿಕದ ಬೆಳೆ, ಕೊಲಂಬಸ್ ಹಡಗು ಹತ್ತಿದ್ದೇ 1492ರಲ್ಲಿ. ಇದನ್ನು ನಾನು ಭಾವಮೈದುನನ ಮೂಲಕ ವಿನಯವಾಗಿಯೇ ಹೇಳಿಸಿದೆ. ಮುದುಕರು ಕದಲಲಿಲ್ಲ. ಆಗ ಹಾಕಿದ್ದು ದಪ್ಪ ಅವರೆಯಂಥ ಬೇರೆ ಕಾಳು, ರುಚಿ ಮಾತ್ರ ಇದೇ ಎಂದರು. ರುಚಿ ಇವರಿಗೆ ಹೇಗೆ ಗೊತ್ತಾಯಿತೋ! ಒಂದು ಊರು ಇದ್ದದ್ದನ್ನು ಗೋಡೆಯಾಚೆ ಎಸೆದು ಗೆದ್ದಿತು, ಇನ್ನೊಂದು ತಿಂದು ಗೆದ್ದಿತು, ಎರಡೂ ಸುಳ್ಳು ಎಂದು ನಾನೊಂದು ಸಿದ್ಧಾಂತ ಕಟ್ಟತೊಡಗಿದ್ದೆ. ಅಷ್ಟರಲ್ಲಿ ಅವರ ತಟ್ಟೆಗೆ ಹುಳಿ ಬಿತ್ತು. ಹುಳಿಪುಡಿ ಊರಿನದು, ಬ್ಯಾಡಗಿ ಮೆಣಸಿನಕಾಯಿಯದು. ಮೆಣಸಿನಕಾಯಿಯೂ ಅದೇ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದದ್ದು ಎಂಬ ವಿಚಾರ ಮುದುಕರಿಗೆ ಹೇಳಿಸುವ ಮೊದಲೇ ಅವರ ಮೂಗು, ಕಿವಿ, ಬೋಳುತಲೆ ಕೆಂಪಾಗಿದ್ದವು. ಆದರೂ ತಟ್ಟೆ ಬಿಡಲಿಲ್ಲ. ಕೊನೆಯಲ್ಲಿ ಬ್ರೆಡ್ಡಿನ ಚೂರಿನಿಂದ ಒರೆಸಿಕೊಂಡರು. ಎದ್ದು ಹೋಗುವಾಗ ಬಾತು ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದೇ ಹೋದರು.

ಮರುದಿನ ಮಿದಿ ಕಾಲುವೆ ನೋಡಿದೆವು. 1681ರಲ್ಲಿ ಅದು ತೆರೆಯುವ ಹಿಂದಿನ ವರ್ಷವೇ, ಕಟ್ಟಿಸಿದ ರಿಕೆ ತೀರಿಕೊಂಡಿದ್ದ. ಅದರ ಬಗ್ಗೆ ಏನೋ ಗಂಭೀರವಾಗಿ ಯೋಚಿಸಬೇಕೆಂದಿದ್ದೆ, ಆದರೆ ನನ್ನ ಹೆಂಡತಿ ಈಸೆಲ್‌ನ ಮಣ್ಣಿನ ಪಾತ್ರೆಗಳ ಅಂಗಡಿಯೊಳಗೆ ಹೋಗಿಯಾಗಿತ್ತು. ಹೊರಬರುವಾಗ ಕೈಯಲ್ಲಿ ನಾಲ್ಕು ಪಾತ್ರೆ, ಒಂದೊಂದೂ ನಮ್ಮೂರ ಮಡಕೆಯ ಎರಡರಷ್ಟು ದಪ್ಪ. ಭಾವಮೈದುನನ ಮುಖ ಸಪ್ಪಗಾಯಿತು. ಕಾರಿನ ಲೈಸೆನ್ಸಿನಲ್ಲಿ ಓಡಿಸುವ ಇಂಥ ಗಾಡಿಯ ತೂಕ ಸಾಮಾನು, ಜನ ಎಲ್ಲ ಸೇರಿ 3.5 ಟನ್ ಮೀರುವಂತಿಲ್ಲ. ಪೊಲೀಸರು ತೂಗಿದರೆ ದಂಡ.

"ಅಕ್ಕ, ಎರಡು ಸಾಲದೇ?"

"ಟ್ಯಾಂಕಿನಲ್ಲಿ ನೂರು ಲೀಟರ್ ನೀರು ಯಾಕಿದೆ? ಚೆಲ್ಲು" ಎಂದಳು ಅವಳು.

"ನೀರಿಲ್ಲದೆ ರಾತ್ರಿ ಅಡುಗೆ ಹೇಗೆ?"

"ರಾತ್ರಿ ನಿನ್ನ ಮನೆಗೆ ಹೋಗುತ್ತೇವೆ. ಅಲ್ಲಿ ನಲ್ಲಿಯಿದೆ."

ಅವನು ನನ್ನ ಮುಖ ನೋಡಿದ. ನಾನು ಏನೂ ಹೇಳದೆ ಗಾಡಿಯ ಹಿಂದಕ್ಕೆ ಹೋಗಿ ನೀರು ಬಿಡುವ ತಿರುಪನ್ನು ಹುಡುಕತೊಡಗಿದೆ.