ಯುಎಸ್‌ಎಫ್‌ಎಲ್ ಕೋರ್ಟಿಗೆ ಹೋಗುವ ಮೊದಲೇ ಸೋತಿತ್ತು

ಅಮೆರಿಕನ್ ಫುಟ್‌ಬಾಲಿನ ಹೊಸ ಲೀಗ್ ಯುಎಸ್‌ಎಫ್‌ಎಲ್ ಅನ್ನು ಹಳೆಯ ದೊಡ್ಡ ಲೀಗ್ ಎನ್‌ಎಫ್‌ಎಲ್ ತುಳಿದು ಹಾಕಿತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಸರಿ. ಯುಎಸ್‌ಎಫ್‌ಎಲ್ ಹೂಡಿದ್ದ ಮೊಕದ್ದಮೆಯಲ್ಲಿ 1986ರಲ್ಲಿ ನ್ಯೂಯಾರ್ಕಿನ ಜ್ಯೂರಿ ಎನ್‌ಎಫ್‌ಎಲ್ ಏಕಸ್ವಾಮ್ಯ ನಡೆಸಿದೆ ಅಂತ ಒಪ್ಪಿಕೊಂಡಿತು. ಆದರೆ ಕೊಡಿಸಿದ ಪರಿಹಾರ ಎಷ್ಟು? ಒಂದು ಡಾಲರ್! ಕಾನೂನಿನ ಪ್ರಕಾರ ಅದು ಮೂರು ಪಟ್ಟಾಯಿತು. ಬಡ್ಡಿ ಸೇರಿಸಿ ಕೊನೆಗೆ ಬಂದ ಚೆಕ್ಕು 3.76 ಡಾಲರಿನದು. (ವಕೀಲರ ಫೀಸು ಮಾತ್ರ 50 ಲಕ್ಷ ಡಾಲರ್ ದಾಟಿತ್ತು. ಗೆದ್ದವರು ಯಾರು ಹೇಳಿ!)

ಲೀಗಿನವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಿದ್ದರು. 1983ರಲ್ಲಿ 12 ತಂಡ, ಮರುವರ್ಷವೇ 18. ಹೊಸ ಮಾಲೀಕರ ಪ್ರವೇಶ ಶುಲ್ಕದ ಆಸೆ ಅಷ್ಟೇ. ಲಾಸ್ ಏಂಜಲೀಸ್ ಎಕ್ಸ್‌ಪ್ರೆಸ್ ತಂಡವನ್ನೇ ನೋಡಿ. ಆಟಗಾರ ಸ್ಟೀವ್ ಯಂಗ್ ಜೊತೆ 4 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡರು. ಮುಂದಿನ ವರ್ಷ ಮಾಲೀಕನ ಕೈ ಖಾಲಿ, ತಂಡವನ್ನು ಲೀಗೇ ಸಾಕಬೇಕಾಯಿತು. 90 ಸಾವಿರ ಜನ ಹಿಡಿಸುವ ಕೊಲಿಸಿಯಂ ಕ್ರೀಡಾಂಗಣದಲ್ಲಿ ಆಡುತ್ತಿದ್ದವರು ತವರಿನ ಕೊನೆಯ ಪಂದ್ಯ ಆಡಿದ್ದು ಒಂದು ಕಾಲೇಜು ಮೈದಾನದಲ್ಲಿ. ಚೆಂಡು ಹಿಡಿದು ಓಡುವ ಆಟಗಾರರೆಲ್ಲ ಗಾಯಗೊಂಡು, ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವ) ಆಗಿದ್ದ ಯಂಗ್ ಒಂದು ಪಂದ್ಯದಲ್ಲಿ ಅವರ ಜಾಗದಲ್ಲೂ ನಿಂತಿದ್ದರು!

ಇನ್ನು ಡೊನಾಲ್ಡ್ ಟ್ರಂಪ್ ವಿಷಯ. ವಸಂತದ ಲೀಗನ್ನು ಎನ್‌ಎಫ್‌ಎಲ್ ಆಡುವ ಕಾಲಕ್ಕೇ ಒಯ್ಯಬೇಕು ಅಂತ ಪಟ್ಟು ಹಿಡಿದವರಲ್ಲಿ ನ್ಯೂಜೆರ್ಸಿ ಜನರಲ್ಸ್ ಮಾಲೀಕರಾಗಿದ್ದ ಅವರೇ ಮುಂದು. ಟ್ಯಾಂಪಾ ತಂಡದ ಮಾಲೀಕ ಜಾನ್ ಬ್ಯಾಸೆಟ್ ಬೇಡ ಅಂದರು, ಯಾರೂ ಕೇಳಲಿಲ್ಲ. ಆದರೆ ಉಳಿದ ಬಹುತೇಕ ಮಾಲೀಕರೂ ಅದರ ಪರವಾಗಿ ಮತ ಹಾಕಿದವರೇ ಅಲ್ವಾ? ಸುಮ್ನೆ ಒಬ್ಬರ ತಲೆಗೆ ಕಟ್ಟಿದರೆ ಹೇಗೆ?