ಸತ್ಯಾಂಶ: ಆ ಇಂಪಾಲಾ ತನ್ನ ಮರಿಗಳಿಗಾಗಿ ಪ್ರಾಣ ಒಪ್ಪಿಸಿದ್ದಲ್ಲ

ಚೀತಾಗಳ ಬಾಯಿಗೆ ಸಿಕ್ಕಿಯೂ ಕತ್ತೆತ್ತಿ ನೆಟ್ಟಗೆ ನಿಂತಿರುವ ‘ಜಿಂಕೆ’ (ಅಸಲಿಗೆ ಇಂಪಾಲಾ, ಜಿಂಕೆಯನ್ನು ಹೋಲುವ ಆಫ್ರಿಕಾದ ಪ್ರಾಣಿ). ಕೆಳಗೊಂದು ಒಕ್ಕಣೆ: ಮರಿಗಳು ಓಡಿ ಬದುಕಲಿ ಎಂದು ಈ ತಾಯಿ ತಾನಾಗಿಯೇ ಬಲಿಯಾಯಿತು, ಫೋಟೊ ತೆಗೆದವರು ಖಿನ್ನತೆಗೆ ಜಾರಿದರು. ವಾಟ್ಸ್ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು.

ಫೋಟೊ ಅಸಲಿ, ಕತೆ ಕಟ್ಟಿದ್ದು. 2013ರಲ್ಲಿ ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿ ಅದನ್ನು ತೆಗೆದವರು ಅಲಿಸನ್ ಬುಟಿಜೆಜ್. ಸುಳ್ಳು ಹರಡಿದ್ದು 2017ರಲ್ಲಿ. ತಮಗೆ ಖಿನ್ನತೆ ಏನೂ ಆಗಿಲ್ಲ ಎಂದು ಅವರೇ ಬಹಿರಂಗವಾಗಿ ಹೇಳಬೇಕಾಯಿತು. ಪಾಪ, ಸಾಂತ್ವನದ ಸಂದೇಶಗಳು ಬಂದು ಬೀಳುತ್ತಿದ್ದವಂತೆ!

ಅಲ್ಲಿ ನಡೆದದ್ದು ಬೇಟೆಯ ಪಾಠ. ಚೀತಾ ತಾಯಿ ಬೇಟೆಯನ್ನು ಹಿಡಿದು ಕೂಡಲೇ ಕೊಲ್ಲದೆ, ಬೆಳೆಯುತ್ತಿರುವ ಮರಿಗಳಿಗೆ ಬಿಟ್ಟುಕೊಡುವುದುಂಟು. ಅನುಭವಿ ಚೀತಾ ಗಂಟಲು ಹಿಡಿದು ಉಸಿರುಗಟ್ಟಿಸುತ್ತದೆ. ಮರಿಗಳಿಗೆ ಆ ಪಟ್ಟು ಇನ್ನೂ ಗೊತ್ತಿಲ್ಲ. ಎಲ್ಲೆಲ್ಲೋ ಬಾಯಿ ಹಾಕಿ ಒದ್ದಾಡುತ್ತವೆ. ಹಾಗಾಗಿ ಇಂಪಾಲಾ ಅಷ್ಟು ಹೊತ್ತು ನಿಂತೇ ಇತ್ತು. ನಮಗೆ ಧೈರ್ಯದಂತೆ ಕಾಣುವ ಆ ನಿಲುವು, ಭಯದ ಆಘಾತಕ್ಕೆ ಮೈ ಮರಗಟ್ಟಿದ್ದು ಇರಬೇಕು ಎಂಬುದು ಛಾಯಾಗ್ರಾಹಕಿಯ ವಿವರಣೆ. ಇನ್ನೊಂದು ಮಾತು, ಇಂಪಾಲಾ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ‘ಮರಿಗಳು’ ಒಕ್ಕಣೆ ಬರೆದವರ ಸೇರ್ಪಡೆ.

ಮಾರಾಕ್ಕೆ ಸಫಾರಿ ಹೋದವರಿಗೆ ಇಂಥ ಪಾಠ ಕಣ್ಣಿಗೆ ಬೀಳಬಹುದು. ನೋಡಲು ಕಷ್ಟವೇ. ಆದರೆ ಸುಮಾರು ಒಂದೂವರೆ ವರ್ಷಕ್ಕೆ ತಾಯಿಯನ್ನು ಬಿಡುವ ಚೀತಾ ಮರಿಗಳು ಅಷ್ಟರೊಳಗೆ ಬೇಟೆ ಕಲಿಯದಿದ್ದರೆ ಉಪವಾಸ ಬೀಳುತ್ತವೆ.