ಸಭೆಯ ನಂತರ ನಾಟಕ (ಸಮಯ ಉಳಿದರೆ)

ರಾಜಧಾನಿಯಲ್ಲಿ ಮನೆ ಮಾಡಿದವರ ಪುಣ್ಯ ಕಂಡು ಊರಿನ ನೆಂಟರಿಗೆ ಭಾರಿ ಹೊಟ್ಟೆಯುರಿ. ‘ನಿಮಗೇನಪ್ಪ, ದಿನಾ ಸಂಜೆ ನಾಟಕ, ಭಾನುವಾರ ಬಂದರೆ ಲಾಲ್‌ಬಾಗು’ ಅನ್ನುತ್ತಾರೆ. ವಾದಕ್ಕಿಳಿಯಬೇಡಿ. ಬೆಂಗಳೂರಿನ ಒಂದು ಆಹ್ವಾನ ಪತ್ರಿಕೆ ಕಳಿಸಿ, ಸಾಕು.

ಆ ಪತ್ರಿಕೆಯೇ ಒಂದು ಪ್ರೇಕ್ಷಣೀಯ ಸ್ಥಳ. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಎಲ್ಲ ಮುಗಿದು, ಮುದ್ರಕರ ಫೋನ್ ನಂಬರಿನ ಪಕ್ಕದಲ್ಲೆಲ್ಲೋ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಸಭೆಯ ನಂತರ ನಾಟಕ’ ಎಂದಿರುತ್ತದೆ. ಯಾವ ನಾಟಕ, ಯಾರು ಆಡುತ್ತಾರೆ ಎಂದೆಲ್ಲ ಕೇಳಬಾರದು. ದೀಪ ಹಚ್ಚುವವರ ಹೆಸರೇ ಮುಕ್ಕಾಲು ಪುಟ ತಿಂದ ಮೇಲೆ ಬಣ್ಣ ಹಚ್ಚುವವರ ಹೆಸರಿಗೆ ಜಾಗವೆಲ್ಲಿ?

ಜೆ.ಸಿ. ರಸ್ತೆಯ ಕಲಾಕ್ಷೇತ್ರವಿರಲಿ, ಬಡಾವಣೆಯ ಸಮುದಾಯ ಭವನವಿರಲಿ, ಪತ್ರಿಕೆಯಲ್ಲಿ ‘ಸಂಜೆ 6ಕ್ಕೆ ಸರಿಯಾಗಿ’ ಎಂದಿದ್ದರೆ ಆ ಹೊತ್ತಿಗೆ ಸರಿಯಾಗಿ ಮೈಕಿನವರು ‘ಹಲೋ, ಚೆಕ್’ ಶುರುಮಾಡುತ್ತಾರೆ. ‘ಇನ್ನೇನು ಕೆಲವೇ ಕ್ಷಣಗಳಲ್ಲಿ’ ಎಂದು ನಿರೂಪಕಿ ಹೇಳುತ್ತಿರುತ್ತಾರೆ. ಸಾಹೇಬರು ವಿಧಾನಸೌಧ ಬಿಟ್ಟರಂತೆ. ಹಡ್ಸನ್ ಸರ್ಕಲ್‌ನಲ್ಲಿದ್ದಾರಂತೆ. ಇನ್ನೂ ಅಲ್ಲೇ ಇದ್ದಾರಂತೆ. ಅಷ್ಟರಲ್ಲಿ ಎದ್ದು ಲಾಲ್‌ಬಾಗಿನವರೆಗೆ ನಡೆದು, ಬಂಡೆ ಹತ್ತಿ ಕೆಂಪೇಗೌಡರ ಗೋಪುರ ನೋಡಿಕೊಂಡು ಬರಬಹುದು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಮುಖ್ಯ ಅತಿಥಿಗಳನ್ನು ಕಾಯುವ ಯೋಗ್ಯತೆ ಈ ಊರಿನಲ್ಲಿ ಅದಕ್ಕೊಂದಕ್ಕೇ ಇರುವುದು.

ಅಂತೂ ಸಾಹೇಬರು ಬಂದರು, ಎಲ್ಲರೂ ಎದ್ದು ನಿಂತು ನಾಡಗೀತೆ ಹಾಡಿದ್ದಾಯಿತು. ನಾಡಗೀತೆಗೆ 2 ನಿಮಿಷ 30 ಸೆಕೆಂಡು ಎಂದು ಸರ್ಕಾರ 2022ರಲ್ಲಿ ಆದೇಶವನ್ನೇ ಹೊರಡಿಸಿದೆ. ಪ್ರಾಸ್ತಾವಿಕ ನುಡಿಗೆ ಅಂಥ ಆದೇಶವಿಲ್ಲ. ‘ನಾನು ಹೆಚ್ಚು ಮಾತಾಡುವುದಿಲ್ಲ, ನೀವೆಲ್ಲ ನಾಟಕಕ್ಕೆ ಕಾದಿದ್ದೀರಿ’ ಎಂದು ಶುರುಮಾಡಿದವರು, ಟಿವಿ ಮೊಬೈಲು ಬಂದು ಜನ ರಂಗಭೂಮಿಯನ್ನೇ ಮರೆತರಲ್ಲ ಎಂದು ಮುಕ್ಕಾಲು ಗಂಟೆ ಮರುಗುತ್ತಾರೆ. ಆಮೇಲೆ ತುರ್ತು ಸಭೆ ನೆನಪಾಗಿ ಎದ್ದು ಹೊರಡುತ್ತಾರೆ. ಅವರ ಹಿಂದೆಯೇ ಅರ್ಧ ಸಭಾಂಗಣ ಖಾಲಿ.

ಉಳಿದವರಿಗೆ ಸನ್ಮಾನ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಫೋಟೊ ಸರಿ ಬರಲಿಲ್ಲವೆಂದು ಹಾಕಿದ ಹಾರ ತೆಗೆದು ಮತ್ತೆ ಹಾಕುತ್ತಾರೆ. ಪರದೆಯ ಹಿಂದೆ ಭೀಮ ಗದೆಯನ್ನು ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿರುತ್ತಾನೆ. ದುರ್ಯೋಧನನಿಗೆ ಆ ಸುಖವೂ ಇಲ್ಲ, ಕುರ್ಚಿ ಕಡಿಮೆ ಬಿತ್ತೆಂದು ಅವನ ಸಿಂಹಾಸನವನ್ನು ಅಧ್ಯಕ್ಷರಿಗೆ ಕೊಟ್ಟಾಗಿದೆ. ಕೂತವರಿಗೆ ಅದು ಸರಿಯಾಗಿ ಹಿಡಿಸಿಯೂ ಇರುತ್ತದೆ, ಏಳಲೊಲ್ಲರು.

ವಂದನಾರ್ಪಣೆ ಮುಗಿದು ಫ್ಲೆಕ್ಸ್ ಬಿಚ್ಚುವ ಹೊತ್ತಿಗೆ ಒಂಬತ್ತು. ಹತ್ತಕ್ಕೆ ದೀಪ ಆರಿಸುತ್ತೇವೆಂದು ಸಭಾಂಗಣದವರು ಗಡಿಯಾರ ತೋರಿಸುತ್ತಾರೆ. ಹದಿನೆಂಟು ದಿನದ ಕುರುಕ್ಷೇತ್ರ ಹದಿನೆಂಟು ನಿಮಿಷದಲ್ಲಿ ಮುಗಿಯುತ್ತದೆ. ಕರ್ಣ ಸಾಯುವ ಮೊದಲೇ ಪ್ರೇಕ್ಷಕರು ಕೊನೆಯ ಬಸ್ಸಿಗೆ ಓಡಿರುತ್ತಾರೆ.

ಇದೇ ಊರಿನ ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಎಂಬುದೊಂದಿದೆ. ಏಳೂವರೆ ಅಂದರೆ ಏಳೂವರೆಗೇ ನಾಟಕ, ತಡವಾಗಿ ಬಂದವರಿಗೆ ಬಾಗಿಲು ಬಂದ್. ಎಂಥ ಅನ್ಯಾಯ! ಹಾಗೆಲ್ಲ ಮಾಡಿದರೆ ನಾಡಿನ ಗಣ್ಯರು ಎಲ್ಲಿಗೆ ಹೋಗಬೇಕು?

ಪ್ರವಾಸೋದ್ಯಮದವರಿಗೆ ನನ್ನದೊಂದು ಬಿಟ್ಟಿ ಸಲಹೆ. 2025ರಿಂದ 50 ರೂಪಾಯಿ ಟಿಕೆಟಿಗೆ ವಿಧಾನಸೌಧವನ್ನೇ ಸುತ್ತಿ ತೋರಿಸುತ್ತಿದ್ದಾರಲ್ಲ, ಹಾಗೆಯೇ ಈ ಸಭಾ ಕಾರ್ಯಕ್ರಮವನ್ನೂ ಯಾತ್ರೆಗೆ ಸೇರಿಸಲಿ. ಟಿಪ್ಪು ಅರಮನೆ ನೋಡಿ ದಣಿದ ಪ್ರವಾಸಿಗಳನ್ನು ಸಂಜೆ ಹಿಂದಿನ ಸಾಲಿನಲ್ಲಿ ಕೂರಿಸಿ, ಗೈಡ್ ಪಿಸುದನಿಯಲ್ಲಿ ವಿವರಿಸಲಿ: ‘ಮುಂದೆ ಕೂತವರು ಗಣ್ಯರು. ಅವರ ಹಿಂದೆ ನಿಂತವರು ಮುಂದೆ ಗಣ್ಯರಾಗುವವರು.’

‘ಪರದೆ ಸಂದಿಯಿಂದ ಕಿರೀಟ ಹಾಕಿಕೊಂಡು ಇಣುಕುತ್ತಿರುವವರು?’

‘ಅವರಾ? ಅವರು ಕಲಾವಿದರು ಸಾರ್. ಕಾರ್ಯಕ್ರಮಕ್ಕೂ ಅವರಿಗೂ ಸಂಬಂಧ ಇಲ್ಲ.’